ಹದಿನಾಲ್ಕು ಲೀಟರಿನ ಚೀಲ

ಗೋರಖನಾಥರು ಯಾವ ಸಾಮಾನನ್ನೂ ಅವಸರದಲ್ಲಿ ಕೊಂಡವರಲ್ಲ. ಮನೆಗೊಂದು ಮಿಕ್ಸರ್ ತರಲು ಅವರು ಎಷ್ಟು ದಿನ ವಿಚಾರ ಮಾಡಿದರೆಂದರೆ, ಕೊನೆಗೆ ಆರಿಸಿದ ಮಾದರಿಯನ್ನು ಕಂಪನಿಯವರು ತಯಾರಿಸುವುದನ್ನೇ ನಿಲ್ಲಿಸಿದ್ದರು. ಅಲ್ಲಿಯವರೆಗೆ ಹೆಂಡತಿ ವಿಶಾಖಾ ಕಲ್ಲಿನಲ್ಲೇ ಚಟ್ನಿ ಅರೆದಳು. ಅರೆಯುವಾಗ ಆಕೆ ಏನನ್ನುತ್ತಿದ್ದಳೆಂಬುದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ.

ಬೀದರಿನ ಒಂದು ನರ್ಸಿಂಗ್ ಕಾಲೇಜಿನ ಪ್ರವೇಶ ವಿಭಾಗದಲ್ಲಿ ಅವರು ಇಪ್ಪತ್ತೆರಡು ವರ್ಷಗಳಿಂದ ಗುಮಾಸ್ತರು. ಅರ್ಜಿ ತೆಗೆದುಕೊಳ್ಳುವುದು, ಮುದ್ರೆ ಒತ್ತುವುದು, ಆಯ್ಕೆಯಾದವರ ಪಟ್ಟಿಯನ್ನು ಗೋಡೆಗೆ ಹಚ್ಚುವುದು, ಇಷ್ಟು ಅವರ ಕೆಲಸ. ಯಾರಿಗೆ ಸೀಟು ಕೊಡಬೇಕೆಂದು ಈ ಇಪ್ಪತ್ತೆರಡು ವರ್ಷಗಳಲ್ಲಿ ಒಬ್ಬರೂ ಅವರನ್ನು ಕೇಳಿದ್ದಿಲ್ಲ. ಆದರೆ ಮದುವೆ ಮುಂಜಿಗಳಲ್ಲಿ ಬೀಗರು ಬಿಜ್ಜರು ಸೀಟಿನ ಮಾತೆತ್ತಿದರೆ, ಗೋರಖನಾಥರು ಅರ್ಧ ಕಣ್ಣು ಮುಚ್ಚಿ, "ನೋಡೋಣು, ಪ್ರಿನ್ಸಿಪಾಲ ಮೇಡಂ ಕಿವಿಗಿ ಹಾಕ್ತೇನಿ" ಎನ್ನುವುದನ್ನು ರೂಢಿ ಮಾಡಿಕೊಂಡಿದ್ದರು. ಹಾಗೆಂದ ಪಂಕ್ತಿಯಲ್ಲಿ ಎಲೆಗೆ ಎರಡು ಜಿಲೇಬಿ ಹೆಚ್ಚು ಬೀಳುತ್ತಿದ್ದವು. ಆಮೇಲೆ ಸಕ್ಕರೆ ಕಾಯಿಲೆಯೂ ಬಂತು.

ದಿನಾ ನಡೆಯಿರಿ ಎಂದರು ಡಾಕ್ಟರು. ನಡೆಯುವುದು ಎಲ್ಲರೂ ಮಾಡುವ ಕೆಲಸವೆಂದು ಗೋರಖನಾಥರು ಗೇರಿನ ಸೈಕಲ್ ಕೊಂಡರು. ಸೈಕಲ್ಲಿನವರದೊಂದು ವಾಟ್ಸಾಪ್ ಗುಂಪು ಸೇರಿದರು. ಕೋಟೆಯ ಬಾಗಿಲವರೆಗೆ ಹೋಗಿ ಬರುವುದೇ ಅವರ ಅತಿ ದೂರದ ಪ್ರಯಾಣವಾಗಿದ್ದ ಆ ದಿನಗಳಲ್ಲಿ, ಒಂದು ಸಂಜೆ ಗುಂಪಿನಲ್ಲಿ ಬರೆದೇ ಬಿಟ್ಟರು: "ಬರುವ ತಿಂಗಳು ಬೀದರ, ಭಾಲ್ಕಿ, ಔರಾದ, ಮತ್ತೆ ಬೀದರ. ಎರಡು ದಿನ. ಎಲ್ಲ ಸಾಮಾನು ಸೈಕಲ್ಲಿನ ಮೇಲೆ." ಮೂವತ್ತೇಳು ಹೆಬ್ಬೆರಳುಗಳು ಎದ್ದವು. ಯಾರೋ ಒಬ್ಬರು, "ಯಾವ ಸೀಟ್ ಪ್ಯಾಕ್, ಸರ್?" ಎಂದು ಕೇಳಿದರು.

ಗೋರಖನಾಥರ ನೆಮ್ಮದಿ ಅಲ್ಲಿಗೆ ಮುಗಿಯಿತು.

ಸೀಟ್ ಪ್ಯಾಕ್ ಎಂದರೆ ಸೈಕಲ್ಲಿನ ಸೀಟಿನ ಕೆಳಗಿನಿಂದ ಹಿಂದಕ್ಕೆ ಬಾಲದಂತೆ ಚಾಚಿಕೊಳ್ಳುವ ಚೀಲ. ಸೀಟಿನ ಕಡೆ ಸಣ್ಣ, ಹಿಂದೆ ಹೋದಂತೆ ದಪ್ಪ, ಹೆಚ್ಚುಕಡಿಮೆ ಬದನೆಕಾಯಿಯ ಆಕಾರ. ಒಳಗಿನ ಬಟ್ಟೆಗೆ ಮಳೆಯ ಒಂದು ಹನಿ ತಾಗಬಾರದು. ಬಾಯಿಯನ್ನು ಮೂರು ಸಲ ಮಡಚಿ ಬಿಗಿಯಬೇಕು. ಅದರ ಅಳತೆ ಲೀಟರಿನಲ್ಲಿ. ಎಂಟು ಲೀಟರಿನದು, ಹನ್ನೊಂದರದು, ಹದಿನಾಲ್ಕರದು ಎಂದು ಮೊಬೈಲಿನಲ್ಲಿ ಒಂದರ ಕೆಳಗೊಂದು ಬರುತ್ತಲೇ ಇದ್ದವು. ಹೊಲಿಗೆ ಹಾಕಿದ್ದು ಒಳ್ಳೆಯದೋ, ಕಾಯಿಸಿ ಅಂಟಿಸಿದ್ದು ಒಳ್ಳೆಯದೋ? ಗೋರಖನಾಥರು ಊಟ ಮಾಡುತ್ತ ನೋಡಿದರು. ಕಚೇರಿಯಲ್ಲಿ ಮುದ್ರೆ ಒತ್ತುತ್ತ ನೋಡಿದರು.

ಕೊನೆಗೆ ತಾವಿದ್ದ ಚಿದ್ರಿ ಬಡಾವಣೆಯ ಸೈಕಲ್ ರಿಪೇರಿ ಅಂಗಡಿಯ ಚಾಂದ ಪಾಶಾರ ಹತ್ತಿರ ಹೋದರು. ಚಾಂದ ಪಾಶಾ ಅವರನ್ನು ಸೀಟಿನ ಮೇಲೆ ಕೂರಿಸಿ, ಸೀಟಿಗೂ ಟಾಯರಿಗೂ ನಡುವಿನ ಜಾಗವನ್ನು ಗೇಣಿನಿಂದ ಅಳೆದರು.

"ಗೋರಖ ಭಾಯಿ, ಖರೇ ಹೇಳ್ಲೇನು? ನಿಮ್ಮ ಕಾಲು ಗಿಡ್ಡ ಅವ. ಅದಕ್ಕ ಸೀಟು ಕೆಳಗ ಅದ. ಜಾಗಾ ಕಮ್ಮಿ. ನಿಮಗ ಎಂಟು ಲೀಟರಿಂದು ಬರೋಬ್ಬರಿ. ಹದಿನಾಲ್ಕು ತಗೊಂಡ್ರ ಅದು ಟಾಯರ ಮ್ಯಾಲ ಕುಂದರ್ತದ ನೋಡ್ರಿ."

ಈ ತಜ್ಞ ಸಲಹೆಯಲ್ಲಿ ಗೋರಖನಾಥರಿಗೆ ಕೇಳಿಸಿದ್ದು "ಕಾಲು ಗಿಡ್ಡ" ಎಂಬಷ್ಟೇ. ಹದಿನಾಲ್ಕು ಲೀಟರಿನದನ್ನೇ ಕೊಳ್ಳುವುದೆಂದು ಅವರು ಆ ಕ್ಷಣವೇ ನಿಶ್ಚಯಿಸಿದರು. ಮೂರು ವಾರದಲ್ಲಿ ಆಗದ ತೀರ್ಮಾನ ಹೀಗೆ ಒಂದು ನಿಮಿಷದಲ್ಲಿ ಆಯಿತು.

ಆ ವಾರ ಅವರ ಮನೆಯಲ್ಲಿ ಭಾತಂಬ್ರಾದ ದೊಡ್ಡವ್ವ ಶೇವಂತಾಬಾಯಿ ಇದ್ದಳು. ಕಣ್ಣಿನ ಪೊರೆ ತೆಗೆಸಿಕೊಂಡು ಪಟ್ಟಿ ಕಟ್ಟಿಸಿಕೊಂಡಿದ್ದಳು. ಎಂಟು ದಿನ ಟಿವಿ ನೋಡಕೂಡದೆಂದು ಡಾಕ್ಟರು ಹೇಳಿದ್ದರಿಂದ, ಆಕೆಯ ಧಾರಾವಾಹಿಯ ಹಸಿವೆಲ್ಲ ಮನೆಯವರ ಮಾತಿನ ಮೇಲೆ ತಿರುಗಿತ್ತು. ಮೊಮ್ಮಗಳು ಪ್ರಣಾಲಿ ಆ ವರ್ಷ ಪಿಯುಸಿ ಮುಗಿಸಿದ್ದಳು. ನರ್ಸಿಂಗ್ ಓದುವೆನೆಂದು ಹಟ ಹಿಡಿದಿದ್ದಳು. ದೊಡ್ಡವ್ವ ಮಾಳಿಗೆಯ ಮೆಟ್ಟಿಲ ಕೆಳಗೆ ಕುಳಿತಿದ್ದಾಗ, ಗೋರಖನಾಥರು ನೆಟ್‌ವರ್ಕ್ ಸಿಗಲೆಂದು ಮಾಳಿಗೆ ಹತ್ತಿ ಹುಬ್ಬಳ್ಳಿಯ ಸೈಕಲ್ ಅಂಗಡಿಗೆ ಫೋನು ಮಾಡಿದರು. ಆಕೆಗೆ ಕೇಳಿಸಿದ್ದು ಈ ಕಡೆಯ ಮಾತು ಮಾತ್ರ.

"ಸೀಟ್ ಪ್ಯಾಕಾ! ಹೌದ್ರಿ, ಸೀಟ್ ಪ್ಯಾಕಾ... ಎಂಟು ಲೀಟರಿಂದು ಬ್ಯಾಡ, ಹದಿನಾಲ್ಕೇ ಇರ್ಲಿ... ಮುಂದ ಸಣ್ಣದು, ಹಿಂದ ದಪ್ಪದು, ಹಂಗೇ ಅಲ್ಲೇನ್ರಿ ಎಲ್ಲಾ ಕಡಿ?... ಒಂದು ಹನಿ ಸೋರಬಾರ್ದು ನೋಡ್ರಿ, ಸೋರಿದ್ರ ನನ್ನ ಇಜ್ಜತ್ ಹೋಗ್ತದ."

ದೊಡ್ಡವ್ವನ ಎದೆ ಝಲ್ಲೆಂದಿತು. ಸೀಟು ಪಕ್ಕಾ! ಹದಿನಾಲ್ಕು ಲೀಟರ್! ಯಾವುದು ಹದಿನಾಲ್ಕು ಲೀಟರ್? ಹಾಲಂತೂ ಕೆಟ್ಟು ಹೋಗುತ್ತದೆ. ಎಣ್ಣೆ ಅಂಗಡಿಯಲ್ಲೇ ಸಿಗುತ್ತದೆ. ದೊಡ್ಡ ಸಾಹೇಬರಿಗೆ ಹಳ್ಳಿಯವರು ಕೊಡಬಹುದಾದದ್ದು ತುಪ್ಪವಲ್ಲದೆ ಇನ್ನೇನು? ಮುಂದೆ ಸಣ್ಣದು, ಅಂದರೆ ಮೊದಲು ಒಂದಿಷ್ಟು. ಹಿಂದೆ ದಪ್ಪದು, ಅಂದರೆ ಕೆಲಸವಾದ ಮೇಲೆ ಉಳಿದದ್ದು. ಸೋರಬಾರದು, ಅಂದರೆ ಗುಟ್ಟು. ಆಕೆ ಕೂಡಲೇ ಊರಲ್ಲಿದ್ದ ಮಗ, ಪ್ರಣಾಲಿಯ ಅಪ್ಪ ಧೊಂಡಿಬಾನಿಗೆ ಫೋನು ಹಚ್ಚಿ, ಅಕ್ಕಪಕ್ಕದ ಮೂರು ಮನೆಗಳಿಗಷ್ಟೇ ಕೇಳುವಂಥ ಪಿಸುದನಿಯಲ್ಲಿ ಎಲ್ಲವನ್ನೂ ಹೇಳಿದಳು.

ಮೂರನೆಯ ದಿನ ಧೊಂಡಿಬಾ ಎರಡು ಲೀಟರಿನ ಡಬ್ಬಿಯೊಂದಿಗೆ ಚಿದ್ರಿಗೆ ಬಂದ.

"ಅಣ್ಣಾ, ಮುಂದಿನ ಸಣ್ಣದು ತಂದೇನಿ. ಹಿಂದಿನ ದಪ್ಪದು ನೀ ಊರಿಗಿ ಬಂದಾಗ."

"ಸಣ್ಣದೇನು ದಪ್ಪದೇನು ತಮ್ಮಾ, ಪ್ರೀತಿ ಇದ್ರ ಸಾಕು" ಎಂದರು ಗೋರಖನಾಥರು, ಡಬ್ಬಿಯ ಮುಚ್ಚಳ ತೆಗೆದು ಮೂಸುತ್ತ.

ಧೊಂಡಿಬಾನಿಗೆ ಅಣ್ಣನ ಮೇಲೆ ಗೌರವ ಉಕ್ಕಿತು. ಎಷ್ಟು ಪಳಗಿದ ಮನುಷ್ಯ! ಬಾಯಲ್ಲಿ ಹೆಸರೇ ಎತ್ತುವುದಿಲ್ಲ. "ಅಣ್ಣಾ, ಎಲ್ಲೂ ಸೋರೂದಿಲ್ಲ ಅಲ್ಲಾ?" ಎಂದು ದನಿ ತಗ್ಗಿಸಿ ಕೇಳಿದ.

ಗೋರಖನಾಥರ ಮುಖ ಅರಳಿತು. ತಮ್ಮನಿಗೂ ಚೀಲದ ಸುದ್ದಿ ಮುಟ್ಟಿದೆಯಲ್ಲ! "ಒಂದು ಹನಿನೂ ಇಲ್ಲ. ಬಂದ ಕೂಡ್ಲೇ ಬಕೀಟಿನ್ಯಾಗ ಮುಳಗಿಸಿ ನೋಡ್ತೇನಿ." ಯಾರನ್ನು ಮುಳುಗಿಸುತ್ತಾರೆಂದು ಕೇಳುವ ಧೈರ್ಯ ಧೊಂಡಿಬಾನಿಗೆ ಆಗಲಿಲ್ಲ.

ಭಾತಂಬ್ರಾದಲ್ಲಿ ತುಪ್ಪ ಸಿಗುವುದು ಕಷ್ಟವಾಯಿತು. ಧೊಂಡಿಬಾ ಖಟಕ ಚಿಂಚೋಳಿಯವರೆಗೆ ಹೋಗಿ, ಪರಿಚಯವಿದ್ದ ಮನೆಗಳಿಂದೆಲ್ಲ ತಂಬಿಗೆ ತಂಬಿಗೆಯಾಗಿ ಕೂಡಿಹಾಕಿದ. ಯಾಕೆಂದು ಕೇಳಿದವರಿಗೆಲ್ಲ "ಯಾರಿಗೂ ಹೇಳಬ್ಯಾಡ್ರಿ" ಎಂದು ಹೇಳಿಯೇ ಹೇಳಿದ. ಹೀಗಾಗಿ ಸುದ್ದಿ ನಾಲ್ಕು ದಿನದಲ್ಲಿ ಔರಾದ ಮುಟ್ಟಿತು.

ಔರಾದದಲ್ಲಿ ವಿಶಾಖಾಳ ತಮ್ಮ ನಾಗಸೇನನಿದ್ದ. ಆರಡಿ ಎತ್ತರದ ಆಳು. ಇತ್ತೀಚೆಗೆ ಎರಡಂತಸ್ತಿನ ಮನೆ ಕಟ್ಟಿಸಿದ್ದ. ಅವನ ಮಗ ಕಪಿಲನೂ ಆ ವರ್ಷವೇ ಪಿಯುಸಿ ಬರೆದಿದ್ದ, ಜೀವಶಾಸ್ತ್ರವೊಂದನ್ನು ಬಿಟ್ಟು ಉಳಿದದ್ದರಲ್ಲಿ ಪಾಸಾಗಿದ್ದ. ನಾಗಸೇನ ಫೋನು ಮಾಡಿದಾಗ ಗೋರಖನಾಥರು ಆಗತಾನೇ ಬಂದ ಚೀಲವನ್ನು ಬಕೆಟ್ಟಿನಲ್ಲಿ ಅದುಮಿ ಹಿಡಿದಿದ್ದರು.

"ಭಾವಾ, ಭಾತಂಬ್ರಾದವರಿಗಿ ಹದಿನಾಲ್ಕು ಅಂತಲ್ಲ. ನಾ ಹೆಂಡ್ತಿ ತಮ್ಮ ಇದ್ದೇನಿ. ನನಗ ಎಷ್ಟು?"

"ಹದಿನಾಲ್ಕು ನಂದು, ನಾಗಸೇನ. ನಿನಗ ಇಪ್ಪತ್ತು ಬೇಕಾಗ್ತದ."

"ಇಪ್ಪತ್ತಾ? ಯಾಕ?"

"ನೀ ಎತ್ತರ ಇದ್ದಿ. ಎತ್ತರ ಇದ್ದವ್ರಿಗಿ ದೊಡ್ಡದು, ಗಿಡ್ಡ ಇದ್ದವ್ರಿಗಿ ಸಣ್ಣದು. ಎಲ್ಲಾ ಕಡಿ ಹಿಂಗೇ ಅದ. ಬೇಕಾದ್ರ ಹುಬ್ಬಳ್ಳಿಯವರಿಗಿ ಕೇಳು."

"ಮ್ಯಾಲೊಂದು ಅಂತಸ್ತು ಕಟ್ಟಿಸಿದ್ದು ನಂದೇ ತಪ್ಪಾಯ್ತು ಭಾವಾ" ಎಂದು ನಾಗಸೇನ ಫೋನು ಇಟ್ಟ. ಸೈಕಲ್ಲಿಗೂ ಮನೆಯ ಅಂತಸ್ತಿಗೂ ಏನು ಸಂಬಂಧವೆಂದು ಗೋರಖನಾಥರಿಗೆ ತಿಳಿಯಲಿಲ್ಲ. ಬಕೆಟ್ಟಿನಿಂದ ಚೀಲವನ್ನು ಎತ್ತಿ ಒಳಗೆ ಕೈ ಹಾಕಿದರು. ಒಣಗಿಯೇ ಇತ್ತು. ಅವರು ಮಿಕ್ಕದ್ದನ್ನೆಲ್ಲ ಮರೆತರು.

ಶುಕ್ರವಾರ ಪ್ರಿನ್ಸಿಪಾಲರಾದ ಮುಸರ್ರತ ಮೇಡಂ ಗೋರಖನಾಥರನ್ನು ಕೋಣೆಗೆ ಕರೆಸಿದರು. ಮುಂದೆ ಒಂದು ಪತ್ರವಿತ್ತು. ಕೆಳಗೆ "ಹೆಸರು ಹೇಳಲಿಚ್ಛಿಸದ ಹಿತೈಷಿ, ಔರಾದ" ಎಂದು ಸಹಿ. ಅದರ ಕೆಳಗೆ, ಹೆಚ್ಚಿನ ಮಾಹಿತಿ ಬೇಕಾದರೆ ಸಂಪರ್ಕಿಸಲೆಂದು, ಹಿತೈಷಿಯ ಮೊಬೈಲ್ ನಂಬರು.

ಮೇಡಂ ಪತ್ರವನ್ನು ಮಡಚಿ ಕೇಳಿದರು: "ಗೋರಖನಾಥ ಅವರೇ, ಈ ಹದಿನಾಲ್ಕು ಲೀಟರ್ ಅಂದ್ರೆ ಏನು?"

ತಮ್ಮ ಪ್ರವಾಸದ ಕೀರ್ತಿ ಮೇಡಂವರೆಗೂ ಬಂದಿತಲ್ಲ ಎಂದು ಗೋರಖನಾಥರಿಗೆ ಮೈಯೆಲ್ಲ ಪುಳಕ. "ತಮಗೂ ಗೊತ್ತಾಯ್ತೇನ್ರಿ? ಹೌದ್ರಿ ಮೇಡಂ, ಹದಿನಾಲ್ಕೇ ತಗೊಂಡೇನಿ. ಎಂಟು ಸಾಕು ಅಂದ್ರು, ನಾ ಒಪ್ಪಲಿಲ್ಲ."

"ತಗೊಂಡೇ ಬಿಟ್ರಾ?"

"ಮನೀಗಿ ಬಂದು ನಾಕು ದಿನ ಆಯ್ತ್ರಿ."

"ಇದನ್ನು ಇಷ್ಟು ರಾಜಾರೋಷವಾಗಿ ಹೇಳ್ತೀರಲ್ಲ!"

"ಮುಚ್ಚಿಡೋದೇನದ್ರಿ ಇದ್ರಾಗ? ನಾಳಿ ಸೀಟಿನ ಕೆಳಗ ಕಟ್ಕೊಂಡು ಭಾಲ್ಕಿ, ಔರಾದ ಎಲ್ಲಾ ತಿರಗ್ತೇನಿ. ತಮಗೂ ಒಂದು ಬೇಕಂದ್ರ ತರಿಸಿ ಕೊಡ್ತೇನ್ರಿ."

ಮುಸರ್ರತ ಮೇಡಂ ಮೇಜಿನ ಮೇಲಿದ್ದ ನೀರು ಕುಡಿದರು. "ಸೋಮವಾರ ಬೆಳಿಗ್ಗೆ ಇದೆಲ್ಲ ಲಿಖಿತದಲ್ಲಿ ನನ್ನ ಮೇಜಿನ ಮೇಲೆ ಇರಬೇಕು" ಎಂದರು.

"ಫೋಟೋನೂ ಹಚ್ಚಲೇನ್ರಿ?"

ಮೇಡಂ ಬಾಗಿಲು ತೋರಿಸಿದರು. ಕಾಲೇಜಿನ ವಾರ್ಷಿಕ ಸಂಚಿಕೆಗೆ ಲೇಖನ ಕೇಳುವ ಮೇಡಂ ಇಷ್ಟು ಸಿಟ್ಟಿನಲ್ಲಿ ಯಾಕಿದ್ದಾರೆಂದು ಗೋರಖನಾಥರಿಗೆ ಅರ್ಥವಾಗಲಿಲ್ಲ. ಆದರೂ ಅಂದೇ ಕುಳಿತು, ನೀರು ಸೋರದ ಚೀಲವನ್ನು ಆರಿಸುವ ಬಗೆಯನ್ನು ಕುರಿತು ಮೂರು ಪುಟ ಬರೆದರು. ನಡುವೆ ಎದ್ದು ಹೋಗಿ ಆಯ್ಕೆ ಪಟ್ಟಿಯನ್ನು ಗೋಡೆಗೆ ಹಚ್ಚಿದರು. ಅದರಲ್ಲಿ ಯಾರ ಹೆಸರಿದೆಯೆಂದು ನೋಡಲು ಪುರುಸೊತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ತುಂತುರು ಮಳೆ. ಚೀಲದಲ್ಲಿ ರೇನ್‌ಕೋಟು, ಎರಡು ಜೊತೆ ಬಟ್ಟೆ, ಟವೆಲ್, ಸಕ್ಕರೆ ಕಾಯಿಲೆಯ ಮಾತ್ರೆ, ವಿಶಾಖಾ ಕಟ್ಟಿಕೊಟ್ಟ ಜೋಳದ ರೊಟ್ಟಿ. ಸೈಕಲ್ಲು ಚಿದ್ರಿ ದಾಟುವ ಮೊದಲೇ ಹಿಂದಿನಿಂದ ಝರ್, ಝರ್ ಎಂಬ ಶಬ್ದ ಬಂತು. ಚೀಲ ಟಾಯರಿನ ಮೇಲೆ ಕುಳಿತಿತ್ತು. ಗೋರಖನಾಥರು ಇಳಿದು ಪಟ್ಟಿ ಬಿಗಿದರು. ಮತ್ತೆ ಝರ್. ಮತ್ತೆ ಇಳಿದರು. ರಸ್ತೆ ಬದಿಯಲ್ಲಿ ಕುಳಿತು ಭಾರ ಕಡಿಮೆಯಾಗಲೆಂದು ರೊಟ್ಟಿಗಳನ್ನು ತಿಂದರು. ಭಾಲ್ಕಿ ತಲುಪುವಷ್ಟರಲ್ಲಿ ಮಧ್ಯಾಹ್ನವಾಗಿ, ಮೊಣಕಾಲು ಎರಡೂ ಸಂಪು ಹೂಡಿದ್ದವು. ರಾತ್ರಿ ತಂಗುವುದು ಧೊಂಡಿಬಾನ ಮನೆಯಲ್ಲೆಂದು ಮೊದಲೇ ತಿಳಿಸಿದ್ದರಿಂದ, ಅಲ್ಲಿಂದ ಭಾತಂಬ್ರಾದವರೆಗೆ ಸೈಕಲ್ಲನ್ನು ಟಂಟಂ ಆಟೊದ ಮೇಲೇರಿಸಿ, ತಾವು ಒಳಗೆ ಕುಳಿತರು. ಊರು ಇನ್ನೂ ಒಂದು ಫರ್ಲಾಂಗು ಇರುವಾಗ ಇಳಿದು, ತಲೆ ಬಾಚಿಕೊಂಡು, ಸೈಕಲ್ ತುಳಿಯುತ್ತ ಒಳಗೆ ಬಂದರು.

ಧೊಂಡಿಬಾನ ಮನೆಯ ಮುಂದಿನ ಕಟ್ಟೆಯ ಹತ್ತಿರ ಇಪ್ಪತ್ತು ಮೂವತ್ತು ಜನ ನಿಂತಿದ್ದರು. ಪಟ್ಟಿ ಬಿಚ್ಚಿಸಿಕೊಂಡು ಎಂಟು ದಿನದ ಹಿಂದೆ ಊರಿಗೆ ಮರಳಿದ್ದ ದೊಡ್ಡವ್ವ ಆರತಿಯ ತಟ್ಟೆ ಹಿಡಿದಿದ್ದಳು. ತಮ್ಮ ಸೈಕಲ್ ಸಾಹಸಕ್ಕೆ ಇಷ್ಟೊಂದು ಗೌರವವೇ ಎಂದು ಗೋರಖನಾಥರ ಕಣ್ಣು ತುಂಬಿ ಬಂತು. ಕಟ್ಟೆಯ ಮೇಲೆ ದೊಡ್ಡ ಸ್ಟೀಲಿನ ಕ್ಯಾನು.

"ಅಣ್ಣಾ, ಉಳಿದ ಹನ್ನೆರಡು ಲೀಟರು. ಅಳದು ನೋಡು ಬೇಕಾದ್ರ" ಎಂದ ಧೊಂಡಿಬಾ.

ಒಬ್ಬ ಮುಂದೆ ಬಂದು ಮಗನ ಅಂಕಪಟ್ಟಿ ಚಾಚಿದ. "ಸಾಹೇಬ್ರ, ಆಕಳ ತುಪ್ಪ ನಡೀತದೋ, ಎಮ್ಮೀದೇ ಆಗ್ಬೇಕೋ?"

ಇನ್ನೊಬ್ಬ, "ಐಟಿಐ ಸೀಟಿಗಿ ಎಷ್ಟು ಲೀಟರ್ ರೀ?" ಎಂದ.

ಗೋರಖನಾಥರು ಕ್ಯಾನು ನೋಡಿದರು, ಅಂಕಪಟ್ಟಿ ನೋಡಿದರು, ದೊಡ್ಡವ್ವನ ಮುಖ ನೋಡಿದರು. ಮಾಳಿಗೆಯ ಮೇಲಿನ ಮಾತು, ನಾಗಸೇನನ ಎರಡನೆಯ ಅಂತಸ್ತು, ಮೇಡಂ ಕುಡಿದ ನೀರು, ಎಲ್ಲವೂ ಒಂದಕ್ಕೊಂದು ಕೂಡಿಕೊಂಡು ಬಂದು ಅವರ ಎದೆಯ ಮೇಲೆ ಕುಳಿತವು. ಸೋಮವಾರ ನೌಕರಿ ಉಳಿಯುತ್ತದೆಯೇ ಎಂಬುದು ಅವರಿಗೆ ಮೊದಲು ಹೊಳೆದದ್ದು.

ಅಷ್ಟರಲ್ಲಿ ಒಳಗಿನಿಂದ ಪ್ರಣಾಲಿ ಬಂದಳು. ಅತ್ತು ಅತ್ತು ಮೂಗು ಕೆಂಪಾಗಿತ್ತು.

"ದೊಡ್ಡಪ್ಪಾ, ಲಿಸ್ಟ್ ನಿನ್ನೆ ಹಚ್ಯಾರಂತ. ನನ್ನ ಹೆಸರು ಮೊದಲನೇದು ಅದ ಅಂತ ಗೆಳತಿ ಫೋಟೋ ಕಳ್ಸ್ಯಾಳ."

"ಅರ್ಜಿ ಯಾವಾಗ ಹಾಕಿದ್ದಿ, ಅವ್ವೀ?"

"ನಾನೇ ಬಸ್ಸಿಗಿ ಬಂದು ನಿಮ್ಮ ಟೇಬಲ್ ಮ್ಯಾಲ ಇಟ್ಟೇನಿ. ನೀವು ಮೊಬೈಲ್ ನೋಡ್ಕೋತ ಮುದ್ರಿ ಹೊಡದ್ರಿ, ತಲಿ ಎತ್ತಲಿಲ್ಲ. ಗುರ್ತು ಹೇಳಿದ್ರ ವಶೀಲಿ ಅಂತಾರ ಅಂತ ನಾನೂ ಸುಮ್ಮ ಬಂದೆ. ತೊಂಬತ್ತೆರಡು ಪರ್ಸೆಂಟ್ ತಗೊಂಡೇನ್ರಿ ನಾ. ಈಗ ಊರಾಗ ನನಗ ಏನಂತಾರ ಗೊತ್ತದೇನು? ತುಪ್ಪದ ನರ್ಸ್ ಅಂತಾರ."

ಯಾರೋ ಹಿಂದಿನಿಂದ ಕಿಸಕ್ಕೆಂದರು. ಪ್ರಣಾಲಿ ಸೆರಗಿನಂತೆ ಓಢಣಿ ಎಳೆದುಕೊಂಡು ಗೋಡೆಯ ಕಡೆ ತಿರುಗಿದಳು.

ಗೋರಖನಾಥರು ಕಟ್ಟೆ ಹತ್ತಿದರು. ಇಪ್ಪತ್ತೆರಡು ವರ್ಷ ಅರ್ಧ ಕಣ್ಣು ಮುಚ್ಚಿಕೊಂಡೇ ಮಾತಾಡಿದ ಮನುಷ್ಯ ಅಂದು ಎರಡೂ ಕಣ್ಣು ಬಿಟ್ಟು ಹೇಳಿದರು: "ಕೇಳ್ರಿ ಎಲ್ಲಾರು. ನಾ ಯಾರಿಗೂ ಸೀಟು ಕೊಡ್ಸಿಲ್ಲ. ಕೊಡ್ಸೂದು ನನ್ನ ಕೈಯಾಗ ಇಲ್ಲ. ನಾ ಬರೇ ಮುದ್ರಿ ಹೊಡಿಯೋನು. ಈ ಹುಡುಗಿಗಿ ಸೀಟು ಸಿಕ್ಕಿದ್ದು ಅಕಿ ಓದಿಗಿ."

ಜನ ಮೆಚ್ಚುಗೆಯಿಂದ ತಲೆದೂಗಿದರು. ಧೊಂಡಿಬಾ ಪಕ್ಕದವನಿಗೆ ಕಣ್ಣು ಹೊಡೆದ. "ನೋಡಿದ್ಯಾ? ಒಂದು ಹನಿ ಸೋರೂದಿಲ್ಲ ಅಂದಿದ್ದ."

"ಅರೇ, ಹದಿನಾಲ್ಕು ಲೀಟರ್ ಅಂದ್ರ ಈ ಚೀಲಾ!" ಗೋರಖನಾಥರು ಸೀಟಿನ ಕೆಳಗಿನಿಂದ ಚೀಲ ಬಿಚ್ಚಿ ಎತ್ತಿ ಹಿಡಿದರು.

"ಬಟ್ಟಿನೂ ಲೀಟರಿನ್ಯಾಗ ಅಳೀತಾರೇನ್ರಿ?" ಎಂದ ಒಬ್ಬ. ಎಲ್ಲರೂ ನಕ್ಕರು. ಯಾರೂ ನಂಬಲಿಲ್ಲ.

ಗೋರಖನಾಥರು ಮೂರು ಮಡಿಕೆ ಬಿಚ್ಚಿ, ಚೀಲವನ್ನು ಕಟ್ಟೆಯ ಮೇಲೆ ಬೋರಲು ಹಾಕಿದರು. ಬನಿಯನ್ನು, ಟವೆಲು, ಮಾತ್ರೆ, ಒಂದು ರೊಟ್ಟಿಯ ಚೂರು ಊರಿನ ಮುಂದೆ ಬಿದ್ದವು. ಎಲ್ಲವನ್ನೂ ಮತ್ತೆ ತುಂಬಿ, ಸೈಕಲ್ಲಿಗೆ ಕಟ್ಟಿ, ಮೇಲೆ ಹತ್ತಿ ಕುಳಿತರು. ಚೀಲ ಟಾಯರಿನ ಮೇಲೆ ಕುಳಿತಿತು. ಕಟ್ಟೆಯ ಸುತ್ತ ಒಂದು ಸುತ್ತು ತುಳಿದರು. ಝರ್, ಝರ್, ಝರ್.

"ಇದು ಎಂಟು ಲೀಟರಿಂದು ತಗೋಬೇಕಿತ್ತು!" ಎಂದು ಅವರು ಕೂಗಿದರು. "ಹದಿನಾಲ್ಕು ನನಗ ಹಿಡ್ಸೂದಿಲ್ಲ! ಯಾಕಂದ್ರ ಸೀಟು ಕೆಳಗ ಅದ! ಯಾಕಂದ್ರ ನನ್ನ ಕಾಲು ಗಿಡ್ಡ ಅವ!"

ಜಗತ್ತಿನಲ್ಲಿ ಗಂಡಸರು ಬಗೆಬಗೆಯ ಸುಳ್ಳು ಹೇಳುತ್ತಾರೆ. ಆದರೆ ಮೂವತ್ತು ಜನರ ಮುಂದೆ ತನ್ನ ಕಾಲು ಗಿಡ್ಡವೆಂದು ಕೂಗಿ ಸುಳ್ಳು ಹೇಳಿದ ಗಂಡಸನ್ನು ಭಾತಂಬ್ರಾದವರು ಕಂಡಿರಲಿಲ್ಲ. ಅಂಕಪಟ್ಟಿ ಚಾಚಿದವನು ಅದನ್ನು ಮೆಲ್ಲಗೆ ಮಡಚಿ ಜೇಬಿಗಿಟ್ಟ. ಧೊಂಡಿಬಾ ಮಗಳ ಕಡೆ ತಿರುಗಿದ.

"ಖರೇನೇ ಮೊದಲನೇ ನಂಬರಾ?"

"ಹೂಂ ಅಪ್ಪಾ."

"ತುಪ್ಪ ಇಲ್ದೇ?"

"ತುಪ್ಪ ಇಲ್ದೇ."

ಧೊಂಡಿಬಾ ಕಟ್ಟೆಯ ಮೇಲೆ ಕುಕ್ಕರಿಸಿ, ಹೆಗಲ ಮೇಲಿನ ಟವೆಲಿನಿಂದ ಮುಖ ಮುಚ್ಚಿಕೊಂಡ. ನಗುತ್ತಿದ್ದನೋ ಅಳುತ್ತಿದ್ದನೋ ಹೇಳುವಂತಿರಲಿಲ್ಲ. ಪ್ರಣಾಲಿ ಅವನ ಪಕ್ಕದಲ್ಲಿ ಹೋಗಿ ಕುಳಿತಳು.

ಔರಾದದ ದಾರಿ ಹಿಡಿಯುವ ಚೈತನ್ಯ ಗೋರಖನಾಥರಲ್ಲಿ ಉಳಿದಿರಲಿಲ್ಲ. "ಕೌಟುಂಬಿಕ ಕಾರಣಗಳಿಂದ ಪ್ರವಾಸ ಭಾತಂಬ್ರಾದಲ್ಲಿ ಮುಕ್ತಾಯ" ಎಂದು ಗುಂಪಿಗೆ ಬರೆದು, ಸೈಕಲ್ ಸಮೇತ ಟಂಟಂ ಹತ್ತಿದರು.

ಸೋಮವಾರ ಮುಸರ್ರತ ಮೇಡಂ ಮೂರು ಪುಟಗಳನ್ನೂ ಓದಿದರು. ಎರಡನೆಯ ಪುಟದಲ್ಲಿ ಕನ್ನಡಕ ತೆಗೆದು ಒರೆಸಿದರು. ಮೂರನೆಯ ಪುಟ ಮುಗಿಯುವಾಗ ಮುಖವನ್ನು ಕಡತದ ಹಿಂದೆ ಮರೆ ಮಾಡಿಕೊಂಡಿದ್ದರು, ಭುಜ ಮಾತ್ರ ಅಲುಗಾಡುತ್ತಿತ್ತು. ಗೋರಖನಾಥರು ಭಾತಂಬ್ರಾದ ಕಥೆಯನ್ನೂ ಒಂದನ್ನೂ ಬಿಡದೆ ಹೇಳಿದರು. ಮೇಡಂ ಪ್ರಣಾಲಿಯ ಅರ್ಜಿ ತರಿಸಿ, ಅಂಕಗಳನ್ನು ತಾವೇ ಮತ್ತೊಮ್ಮೆ ತಾಳೆ ನೋಡಿದರು. ಆಮೇಲೆ ಔರಾದದ ಪತ್ರವನ್ನು ಅವರ ಮುಂದೆ ಸರಿಸಿದರು. ಕೆಳಗಿದ್ದ ನಂಬರು ನಾಗಸೇನನದೆಂದು ನೋಡಿದ ಕೂಡಲೇ ಗುರುತಿಸಿದ ಗೋರಖನಾಥರು ಪತ್ರವನ್ನು ಮಡಚಿ ಮರಳಿಸಿದರು.

"ಇವತ್ತಿಂದ ಅರ್ಜಿ ತಗೊಳ್ಳುವಾಗ ನಿಮ್ಮ ಮೊಬೈಲು ನನ್ನ ಕೋಣೆಯಲ್ಲಿರುತ್ತೆ" ಎಂದರು ಮೇಡಂ. "ಬಂದವರ ಮುಖ ನೋಡಿ ಮಾತಾಡಿ."

ಉಳಿದದ್ದು ಆ ಹನ್ನೆರಡು ಲೀಟರ್ ತುಪ್ಪ. ಯಾರ ಮನೆಯದು ಯಾವುದೆಂದು ಬೇರೆ ಮಾಡುವಂತಿರಲಿಲ್ಲ. ಕೊಟ್ಟವರನ್ನೆಲ್ಲ ಊಟಕ್ಕೆ ಕರೆಯುವುದೊಂದೇ ದಾರಿ ಎಂದು ದೊಡ್ಡವ್ವ ತೀರ್ಪು ಕೊಟ್ಟಳು. ಮುಂದಿನ ಭಾನುವಾರ ಧೊಂಡಿಬಾನ ಮನೆಯ ಮುಂದೆ ಹೋಳಿಗೆಯ ಊಟ. ವಿಶಾಖಾ ಎರಡು ಲೀಟರಿನ ಡಬ್ಬಿಯನ್ನೂ ಮರಳಿ ತಂದಳು. ಅದು ಮುಕ್ಕಾಲು ಪಾಲು ಖಾಲಿಯಾಗಿದ್ದನ್ನು ಎಲ್ಲರೂ ನೋಡಿದರು. ನಾಗಸೇನ ಕಪಿಲನೊಡನೆ ಔರಾದದಿಂದ ಬಂದು ಭಾವನ ಎದುರು ತಲೆ ತಗ್ಗಿಸಿ ನಿಂತ. ಆರಡಿಯ ಆಳು ತಲೆ ತಗ್ಗಿಸಿದಾಗ ಇಬ್ಬರ ಎತ್ತರವೂ ಸರಿಹೋಯಿತು.

"ಮಾಫ್ ಮಾಡ್ರಿ ಭಾವಾ. ಕಪಿಲ ಜೀವಶಾಸ್ತ್ರ ಮತ್ತ ಬರೀತಾನ."

"ಅವನ ಪಾಠ ನಾ ತಗೋತೇನಿ" ಎಂದಳು ಪ್ರಣಾಲಿ. ಕಪಿಲನ ಮುಖ ಸಪ್ಪಗಾಯಿತು.

ದೊಡ್ಡವ್ವ ಸೌಟು ಹಿಡಿದು ಪಂಕ್ತಿಯ ಉದ್ದಕ್ಕೂ ತಾನೇ ತುಪ್ಪ ಬಡಿಸಿದಳು. ಒಂದೊಂದು ಎಲೆಯ ಮುಂದೆ ನಿಂತು, "ನನ್ನ ಮೊಮ್ಮಗಳದು ತೊಂಬತ್ತೆರಡು, ತೊಂಬತ್ತೆರಡು!" ಎಂದು ಹೇಳಿಯೇ ಮುಂದೆ ಸರಿಯುತ್ತಿದ್ದಳು. ತಡವಾಗಿ ಬಂದು ಕೊನೆಯ ಎಲೆಗೆ ಕುಳಿತಿದ್ದ ಖಟಕ ಚಿಂಚೋಳಿಯ ಮುದುಕನೊಬ್ಬ ಕೈಯಲ್ಲಿದ್ದ ತುತ್ತನ್ನು ಹಾಗೆಯೇ ಹಿಡಿದು ಬೆಚ್ಚಿ ನೋಡಿದ.

"ತೊಂಬತ್ತೆರಡು ಲೀಟರಾ?"

"ಪರ್ಸೆಂಟ್!" ಎಂದು ಇಡೀ ಪಂಕ್ತಿಯೇ ಕೂಗಿತು. ಎಲ್ಲರಿಗಿಂತ ಜೋರಾಗಿ ಕೂಗಿದ್ದು ಧೊಂಡಿಬಾ.